ತಿಂಗಳ ಸಾಮಾನಿನ ಪಟ್ಟಿ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಸಂದರ್ಭದಲ್ಲಿ ನಾಡುನುಡಿಗಳ ವಿಷಯವಾಗಿ ಮಾತನಾಡಬಲ್ಲ ವಿದ್ವಾಂಸರು ನಮ್ಮಲ್ಲಿ ಅನೇಕರಿದ್ದಾರೆ. ನಾವಾದರೋ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ವೈದ್ಯರೂ ಅಲ್ಲ, ಪಾಕಶಾಸ್ತ್ರ ಬಲ್ಲವರೂ ಅಲ್ಲ. ಆದುದರಿಂದ ನಮಗೆ ತಿಳಿದ ಒಂದು ಲೆಕ್ಕವನ್ನು, ನಮ್ಮ ಅಡುಗೆಮನೆಯ ಲೆಕ್ಕವನ್ನು, ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ.

ನಮಗೆ ಇನ್ನೂ ನಲವತ್ತಾಗಿಲ್ಲ. ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಕಾಯಿಲೆಯ ಗಡಿಯನ್ನು ಮುಟ್ಟಿ ನಿಂತಿತ್ತು. ಸಕ್ಕರೆ ಕಾಯಿಲೆಯ ಬೆನ್ನಿಗೆ ಬಂದ ಮೂತ್ರಪಿಂಡದ ತೊಂದರೆಯಿಂದ ತಂದೆಯವರನ್ನು ಕಳೆದುಕೊಂಡ ಮನೆ ನಮ್ಮದು. ಆ ಕಾಗದವನ್ನು ಕಂಡು ಅವ್ವ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಇದು ನಮ್ಮ ಒಂದು ಮನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜು ಮಾಡಿದೆ.

ಅನ್ನ, ಸಕ್ಕರೆ ಕಡಿಮೆ ಮಾಡಿರೆಂದು ವೈದ್ಯರು ಹೇಳಿದರು. ಲೋ ಕಾರ್ಬ್ ಪಥ್ಯವೆಂದು ಈಗ ಎಲ್ಲರ ಬಾಯಲ್ಲಿರುವುದು ಇದೇ: ಊಟದಲ್ಲಿ ಶರ್ಕರಪಿಷ್ಟವನ್ನು ಇಳಿಸುವುದು. ದಿನಕ್ಕೆ 130 ಗ್ರಾಮಿಗಿಂತ ಕಡಿಮೆ ಎಂಬ ಅಳತೆ ವೈದ್ಯರಲ್ಲಿ ರೂಢಿಯಲ್ಲಿದೆ. ನಾವು ಉತ್ಸಾಹದಿಂದ ಆರಂಭಿಸಿ, ಬಾದಾಮಿ ಹಿಟ್ಟು, ಬಣ್ಣದ ಪೊಟ್ಟಣಗಳು ಎಂದು ಒಂದು ವಾರದ ಸಂಬಳವನ್ನೇ ಸುರಿದೆವು. ನಾಲ್ಕನೆಯ ರಾತ್ರಿ ಬ್ಯಾಂಕಿನಿಂದ ತಡವಾಗಿ ಬಂದು, ಹಸಿವಿನಲ್ಲಿ ಡಬ್ಬಿಗಳನ್ನು ತೆರೆದು ನೋಡಿದರೆ ಅಕ್ಕಿ, ಅವಲಕ್ಕಿ, ರವೆ, ಬಿಸ್ಕತ್ತು! ಇನ್ನೇನು ತಿನ್ನಬೇಕು? ಪಥ್ಯ ಅಲ್ಲಿಗೆ ಮುಗಿಯಿತು.

ನಾವು ಸೋತದ್ದು ಎಲೆಯ ಮುಂದಲ್ಲ, ಕಿರಾಣಿ ಅಂಗಡಿಯಲ್ಲಿ ಎಂಬುದು ಆಗ ಹೊಳೆಯಿತು. ಪಟ್ಟಿಯನ್ನು ತೆಗೆದು ಲೆಕ್ಕ ಹಾಕಿದೆವು. ಅವ್ವ, ನಾವಿಬ್ಬರು, ಇಬ್ಬರು ಮಕ್ಕಳು, ಹೀಗೆ ಐದು ಜನ. ಅಕ್ಕಿ 25 ಕಿಲೋ, ಜೋಳ 8 ಕಿಲೋ, ಸಕ್ಕರೆ 4 ಕಿಲೋ, ಅವಲಕ್ಕಿ ರವೆ ಸೇರಿ 2 ಕಿಲೋ. ಬೇಳೆಕಾಳು ಮಾತ್ರ 3 ಕಿಲೋ. ಬೇಳೆಯನ್ನು ಬಿಟ್ಟೇ ಲೆಕ್ಕ ಹಿಡಿದರೂ ತಿಂಗಳಿಗೆ 30 ಕಿಲೋ ಪಿಷ್ಟ ಮತ್ತು ಸಕ್ಕರೆ ಮನೆಯೊಳಗೆ ಬರುತ್ತಿತ್ತು. ತಲೆಗೆ ದಿನಕ್ಕೆ 200 ಗ್ರಾಮು. ಮನೆಗೆ ತಂದದ್ದನ್ನು ಯಾರಾದರೂ ತಿಂದೇ ತೀರಬೇಕಷ್ಟೆ.

ಈ ಲೆಕ್ಕಕ್ಕೆ ಆಧಾರ ನಮ್ಮ ಊರಲ್ಲೇ ಇದೆ. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮುಂದೆ ನಾವೆಲ್ಲ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇವೆ. 1918ರಲ್ಲಿ ಕೂನೂರಿನಲ್ಲಿ, ಬೆರಿಬೆರಿ ರೋಗದ ವಿಚಾರಣೆಗೆಂದು ರಾಬರ್ಟ್ ಮೆಕ್‌ಕ್ಯಾರಿಸನ್ನರು ಆರಂಭಿಸಿದ ಸಂಸ್ಥೆ ಅದು. ಹೈದರಾಬಾದಿಗೆ ಬಂದದ್ದು 1958ರಲ್ಲಿ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದವರಿಗೆ ತಗಲುತ್ತಿದ್ದ ರೋಗ ಬೆರಿಬೆರಿ. ಅದೇ ಸಂಸ್ಥೆ 2024ರ ತನ್ನ ಮಾರ್ಗಸೂಚಿಯಲ್ಲಿ, ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ನೂರಕ್ಕೆ 45ನ್ನು ಮೀರಬಾರದೆಂದು ಹೇಳಿದೆ.

ಅದರ 2017ರ ಆಹಾರ ಕೋಷ್ಟಕಗಳನ್ನು ನೋಡಿದರೆ, 100 ಗ್ರಾಮು ಅಕ್ಕಿಯಲ್ಲಿ ಸುಮಾರು 78 ಗ್ರಾಮು ಶರ್ಕರಪಿಷ್ಟ. ಜೋಳದಲ್ಲಿ 68, ರಾಗಿಯಲ್ಲಿ 67, ಗೋದಿ ಹಿಟ್ಟಿನಲ್ಲಿ 64. ಕನ್ನಡಿಗರ ಸಭೆಯಲ್ಲಿ ಇದನ್ನು ಹೇಳಲು ಸಂಕೋಚವಾಗುತ್ತದೆ. ಮೈಸೂರು ಕಡೆಯವರು ಮುದ್ದೆಯನ್ನೂ ನಮ್ಮ ರಾಯಚೂರು, ಕಲಬುರಗಿಯವರು ರೊಟ್ಟಿಯನ್ನೂ ಔಷಧವೆಂದೇ ತಿಳಿದಿದ್ದೇವೆ. ಅವುಗಳಲ್ಲಿ ನಾರಿದೆ, ರಾಗಿಯಲ್ಲಿ ಸುಣ್ಣದ ಅಂಶವಿದೆ. ಅನ್ನಕ್ಕಿಂತ ಲೇಸು, ನಿಜ. ಆದರೆ ಅನ್ನ ಬಿಟ್ಟೆವೆಂದು ನಾಲ್ಕು ರೊಟ್ಟಿ ಹೆಚ್ಚು ತಿಂದರೆ, ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿದಂತೆ, ಸಾಲ ತೀರಲಿಲ್ಲ.

ಇನ್ನು ಅವ್ವನ ಮಾತು. ಅಕ್ಕಿಯ ಮೂಟೆ ತರುವುದಿಲ್ಲವೆಂದಾಗ ಅವರು, “ಅನ್ನ ಬ್ಯಾಡ ಅಂದ್ರ ಮನ್ಯಾಗ ಏನ್ ಉಳೀತು?” ಎಂದರು. ಬರಗಾಲದಲ್ಲಿ, ಹಬ್ಬಕ್ಕೊಮ್ಮೆ ಅನ್ನ ಕಂಡು ಬೆಳೆದವರಿಗೆ ತುಂಬಿದ ಅಕ್ಕಿಡಬ್ಬಿ ಎಂದರೆ ಮರ್ಯಾದೆ. ಅದನ್ನು ನಾವು ಹಗುರವಾಗಿ ಕಂಡೆವು, ತಪ್ಪು ನಮ್ಮದು. ಆಮೇಲೆ ಪಟ್ಟಿಯನ್ನು ಅವರ ಕೈಗೇ ಕೊಟ್ಟು, “ಅವ್ವ, ಅನ್ನ ಅರ್ಧ ಆದ್ರ ಉಳಿದರ್ಧ ಏನಿಡಬೇಕು, ನೀನೇ ಹೇಳು” ಎಂದೆವು. ಅವರು ಲೆಕ್ಕವಿಲ್ಲದೆ ಎಣಿಸತೊಡಗಿದರು: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮಡಕಿ ಕಾಳು, ಹೆಸರು ಕಾಳು, ಪುಂಡಿಪಲ್ಯ, ಮೆಂತೆ ಪಲ್ಯ, ಗಟ್ಟಿ ಮೊಸರು. “ಮೊದಲs ಕೇಳಿದ್ರ ಆಗ್ತಿತ್ತಲ್ಲ, ಅಂಗಡ್ಯಾಗ ಯಾಕ ರೊಕ್ಕ ಸುರುವಿದ್ರಿ?” ಎಂದು ಗದರಿಸಿದರು. ಕೋಷ್ಟಕದಲ್ಲಿ ನೋಡಿದರೆ ಶೇಂಗಾದಲ್ಲಿ ಶರ್ಕರಪಿಷ್ಟ ಕೇವಲ 17 ಗ್ರಾಮು! ನಾವು ಪೊಟ್ಟಣಗಳಲ್ಲಿ ಹುಡುಕುತ್ತಿದ್ದುದು ಅವ್ವನ ಗಡಿಗೆಗಳಲ್ಲಿತ್ತು.

ಈಗಿನ ಪಟ್ಟಿಯನ್ನು ಹೊಸದಾಗಿ ಆರಂಭಿಸುವವರ ಅನುಕೂಲಕ್ಕಾಗಿ ಹೇಳುತ್ತೇವೆ. ಅಕ್ಕಿ 10 ಕಿಲೋ, ಜೋಳ 8, ಸಕ್ಕರೆ 1, ಅವಲಕ್ಕಿ ಅರ್ಧ ಕಿಲೋ. ತೊಗರಿಬೇಳೆ 3 ಕಿಲೋ; ಹೆಸರು, ಮಡಕಿ, ಕಡಲೆ ಕಾಳುಗಳು ಸೇರಿ 4 ಕಿಲೋ. ಕಾಳುಗಳಲ್ಲೂ ಅರ್ಧದಷ್ಟು ಪಿಷ್ಟವುಂಟು. ಆದರೆ ಜೊತೆಗೆ ಪ್ರೋಟೀನು, ನಾರು ಇರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ. ಶೇಂಗಾ 2 ಕಿಲೋ. ಅಗಸಿ, ಗುರೆಳ್ಳು ಅರ್ಧರ್ಧ ಕಿಲೋ. ಮೊಟ್ಟೆ ತಿನ್ನುವವರು ಮೊಟ್ಟೆ, ಉಳಿದವರು ಪನೀರು ಇಟ್ಟುಕೊಳ್ಳಬಹುದು. ಬೇಗಂ ಬಜಾರಿನಲ್ಲಿ ತಿಂಗಳಿಗೊಮ್ಮೆ ಕಾಳುಗಳನ್ನೂ, ರೈತು ಬಜಾರಿನಲ್ಲಿ ವಾರಕ್ಕೆರಡು ಸಲ ಬದನೆ, ಬೆಂಡೆ, ತೊಂಡೆ, ಹೀರೆ, ಸೋರೆ, ಸೊಪ್ಪುಗಳನ್ನೂ ತರುತ್ತೇವೆ. ತೆಲುಗಿನವರ ಗೋಂಗೂರವೇ ನಮ್ಮ ಪುಂಡಿಪಲ್ಯವಾದುದರಿಂದ ಊರು ಬಿಟ್ಟ ಕೊರತೆಯೂ ತೋರುವುದಿಲ್ಲ. ಧಾನ್ಯ, ಸಕ್ಕರೆಗಳ ಪಿಷ್ಟ ಈಗ 15 ಕಿಲೋಗೂ ಕಡಿಮೆ.

ಇಡುವ ಕ್ರಮವೂ ಮುಖ್ಯ. ಹಸಿದವನ ಕೈ ಮೊದಲು ಸಿಕ್ಕ ಡಬ್ಬಿಗೆ ಹೋಗುತ್ತದೆ. ಆದ್ದರಿಂದ ಹುರಿದ ಶೇಂಗಾ, ಹಿಂಡಿಗಳು ಕಣ್ಣೆತ್ತರದ ಹಲಗೆಯಲ್ಲಿ. ಅಕ್ಕಿ, ಸಕ್ಕರೆ ಕೆಳಗೆ, ಒಳಗೆ. ರಾತ್ರಿ ನೆನೆಹಾಕದ ಕಾಳು ಬೆಳಿಗ್ಗೆ ಉಸಳಿಯಾಗುವುದಿಲ್ಲ. ಆ ಕೆಲಸ ಈಗ ಮಕ್ಕಳದು. ಅಗಸಿಯ ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಕುಟ್ಟಬೇಕು. ಬೂಷ್ಟು ಹಿಡಿದ ಶೇಂಗಾದಲ್ಲಿ ವಿಷವಿರಬಹುದು. ಆರಿಸಿ ತಿನ್ನದೆ ಎಸೆದುಬಿಡಬೇಕು. ಬ್ಯಾಂಕಿನ ಮೇಜಿನ ಖಾನೆಯಲ್ಲಿ ಉಸ್ಮಾನಿಯಾ ಬಿಸ್ಕತ್ತಿನ ಜಾಗಕ್ಕೆ ಶೇಂಗಾ ಬಂದಿದೆ. ಇರಾನಿ ಚಹಾ ಮಾತ್ರ ದಿನಕ್ಕೊಂದು ಉಳಿದಿದೆ. ಅದನ್ನು ಬಿಡುವ ಧೈರ್ಯ ಇನ್ನೂ ಬಂದಿಲ್ಲ.

ಎಚ್ಚರಿಕೆಯ ಎರಡು ಮಾತು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಇಳಿಸಬಾರದು. ಔಷಧದ ಪ್ರಮಾಣ ಹಾಗೆಯೇ ಉಳಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರಪಿಂಡದ ತೊಂದರೆಯಿರುವವರು ಕಾಳು, ಮೊಟ್ಟೆಗಳನ್ನು ತಾವಾಗಿ ಹೆಚ್ಚಿಸಬಾರದು. ಬೆಳೆಯುವ ಮಕ್ಕಳಿಗೂ ಬಸುರಿಯರಿಗೂ ಈ ಪಥ್ಯ ಸಲ್ಲದು. ನಮ್ಮ ಮಕ್ಕಳ ತಟ್ಟೆಯ ಅನ್ನವನ್ನು ನಾವು ಮುಟ್ಟಿಲ್ಲ. ಪಿಷ್ಟ ಇಳಿಯಿತೆಂದು ಎಣ್ಣೆ ತುಪ್ಪಗಳನ್ನು ಸುರಿದುಕೊಳ್ಳುವುದೂ ತರವಲ್ಲ.

ಎಂಟು ತಿಂಗಳ ಮೇಲೆ ಸಕ್ಕರೆ ಗಡಿಯಿಂದ ತುಸು ಹಿಂದೆ ಸರಿದಿದೆ. ಗೆದ್ದೆವೆಂದು ಹೇಳಲಾರೆವು, ಯುಗಾದಿಯ ದಿನ ಹೋಳಿಗೆ ಎರಡಾಯಿತು, ಮೂರಾಗಲಿಲ್ಲ. ಅವ್ವನ ಅಕ್ಕಿಡಬ್ಬಿ ಚಿಕ್ಕದಾಗಿದೆ. ಆದರೆ ಎಂದೂ ಖಾಲಿಯಾಗಗೊಟ್ಟಿಲ್ಲ.

ಮಿತ್ರರೇ, 1956ರ ನವೆಂಬರ್ 1ರಂದು ನಮ್ಮ ರಾಯಚೂರು, ಕಲಬುರಗಿ, ಬೀದರಗಳು ಹೈದರಾಬಾದು ರಾಜ್ಯದ ಹೆಸರು ಕಳಚಿ ಕನ್ನಡನಾಡಿಗೆ ಸೇರಿದವು. ನಾವು ಅನ್ನ ಹುಡುಕಿಕೊಂಡು ಮತ್ತೆ ಇದೇ ಹೈದರಾಬಾದಿಗೆ ಬಂದೆವು. ಬಂದವರಿಗೆ ಅನ್ನ ಸಿಕ್ಕಿತು, ಸ್ವಲ್ಪ ಹೆಚ್ಚಾಗಿಯೇ ಸಿಕ್ಕಿತು. ಈ ತಿಂಗಳ ಪಟ್ಟಿ ಬರೆಯುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದಷ್ಟೇ ನಮ್ಮ ಬಿನ್ನಹ.