ಪರರಿಗಾದ ನಷ್ಟಕ್ಕೆ ಹೊಣೆ ಯಾರು?
(ಗಿರಣಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ವಿಮೆ ಎಂದೊಡನೆ ನಮಗೆ ನೆನಪಾಗುವುದು ನಮ್ಮ ಜೀವ, ನಮ್ಮ ಅಂಗಡಿಯ ಸರಕು. ಆದರೆ ನಮ್ಮ ಅಜಾಗರೂಕತೆಯಿಂದ ಪರರ ಕಾಲು ಮುರಿದರೆ ಪರಿಹಾರ ತೆರುವವರು ಯಾರು? ಕಾನೂನಿನ ಪ್ರಕಾರ ನಾವೇ. ಆ ಭಾರವನ್ನು ನಮ್ಮ ಪರವಾಗಿ ಹೊರುವುದೇ ಹೊಣೆಗಾರಿಕೆಯ ವಿಮೆ.

ಅಮೆರಿಕದಲ್ಲಿ ಇದಕ್ಕೆ ಎರಡು ಅಂತಸ್ತು. ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಕಾರಿನ ಮಾಲೀಕರಿಗೆ, ಗಾಯಗೊಂಡ ಒಬ್ಬೊಬ್ಬರಿಗೆ ಕನಿಷ್ಠ 30,000 ಡಾಲರ್ ತೆರುವ ವಿಮೆ ಕಡ್ಡಾಯ. ಕೋರ್ಟು 3,00,000 ಡಾಲರ್ ಕೊಡಬೇಕೆಂದರೆ? ಉಳಿದ 2,70,000 ಡಾಲರಿಗೆ ಮಾಲೀಕನ ಉಳಿತಾಯಕ್ಕೆ, ಸಂಬಳಕ್ಕೆ ಕೈ ಬೀಳುತ್ತದೆ. ಆದುದರಿಂದಲೇ ಅಲ್ಲಿಯವರು ಮೂಲ ವಿಮೆಯ ಮೇಲೊಂದು ‘ಛತ್ರಿ ವಿಮೆ’ ಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಹತ್ತು ಲಕ್ಷ ಡಾಲರಿನಿಂದ ಆರಂಭ. ಕೆಳಗಿನ ವಿಮೆಯ ಹಣ ಮುಗಿದ ಮೇಲೆ ಇದು ಬಿಚ್ಚಿಕೊಳ್ಳುತ್ತದೆ. ತನಗಾದ ಗಾಯಕ್ಕಾಗಲಿ, ಬೇಕೆಂದೇ ಮಾಡಿದ ಹಾನಿಗಾಗಲಿ ಇದು ಕಾಸು ಕೊಡುವುದಿಲ್ಲ.

ನಮ್ಮ ಮನೆಗಳಿಗೆ ಇಂಥ ಹೊಣೆ ಹೆಚ್ಚಾಗಿ ಬರುವುದು ಬೈಕಿನ ಮೇಲೆ ಕುಳಿತು. 1988ರ ಮೋಟಾರು ವಾಹನ ಕಾಯಿದೆಯಂತೆ ಥರ್ಡ್ ಪಾರ್ಟಿ ವಿಮೆ ಇಲ್ಲದೆ ವಾಹನ ರಸ್ತೆಗಿಳಿಯುವಂತಿಲ್ಲ. ದಾರಿಹೋಕನ ಸಾವಿಗೆ, ಗಾಯಕ್ಕೆ ನಮ್ಮ ಪಾಲಿಸಿಯಲ್ಲಿ ಕ್ಯಾಲಿಫೋರ್ನಿಯದಂಥ ಮೊತ್ತದ ಮಿತಿಯಿಲ್ಲ. ನ್ಯಾಯಮಂಡಳಿ ಹೇಳಿದ್ದನ್ನು ಕಂಪನಿ ತೆರಬೇಕು. ಆ ಮಟ್ಟಿಗೆ ನಮ್ಮ ಛತ್ರಿ ದೊಡ್ಡದೇ. ಆದರೆ ಅದಕ್ಕೆ ಎರಡು ತೂತುಗಳಿವೆ.

ಮೊದಲನೆಯದು ಅವಧಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಮಾಡಿಸುತ್ತಾರೆ. ಐದು ವರ್ಷ ನೆಮ್ಮದಿ. ಆರನೆಯ ವರ್ಷ ಮರೆವು. ಆಗ ಅಪಘಾತವಾದರೆ ಇಡೀ ಪರಿಹಾರ ಮಾಲೀಕನ ತಲೆಗೇ.

ಎರಡನೆಯದು ಲೈಸೆನ್ಸು. ಸಾಮಾನು ತರಲೆಂದು ಲೈಸೆನ್ಸಿಲ್ಲದ ಹುಡುಗನ ಕೈಗೆ ಬೀಗದ ಕೈ ಕೊಟ್ಟೆವೆನ್ನಿ. ಗಾಯಾಳು ಬರಿಗೈಯಲ್ಲಿ ಹೋಗಬಾರದೆಂದು, ಮೊದಲು ಕಂಪನಿಯೇ ಹಣ ತೆತ್ತು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದೆ. ಆ ವಸೂಲಿ ಬರುವುದು ನಮ್ಮ ಅಂಗಡಿಗೆ, ಸಾಲ ಮಾಡಿ ಕಟ್ಟಿದ ಮನೆಗೆ. ಹುಡುಗ ಅಪ್ರಾಪ್ತನಾದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ ತಂದೆಗೋ ಮಾಲೀಕನಿಗೋ ಬರಬಹುದು.

ಒಂದು ಮಾತನ್ನು ಮರೆಯಬಾರದು. ರಸ್ತೆಯಲ್ಲಿ ಬಿದ್ದವನೂ ನಮ್ಮವನೇ. ಪಾಳಿ ಮುಗಿಸಿ ನಡೆದು ಬರುವ ಕೂಲಿಯವನು. ವಿಮೆಯಿಲ್ಲದ ಬಡ ಮಾಲೀಕನ ಮೇಲೆ ಆದ ತೀರ್ಪು ಅವನ ಹೆಂಡತಿ ಮಕ್ಕಳಿಗೆ ಬರೀ ಕಾಗದ. ವಿಮೆಯ ಕಂತು ಕಟ್ಟುವುದೆಂದರೆ ಅವನ ಅನ್ನಕ್ಕೂ ಜಾಮೀನು ನಿಂತಂತೆ.

ಇಂದು ರಾತ್ರಿಯೇ ಪೆಟ್ಟಿಗೆಯಿಂದ ಪಾಲಿಸಿ ತೆಗೆದು ಕೊನೆಯ ತಾರೀಖನ್ನು ಓದೋಣ. ಓದು ಬಾರದ ನೆರೆಯವರಿಗೂ ಓದಿ ಹೇಳೋಣ.