ಹಲ್ಲಿಗೂ ಬಿಡುವು ಬೇಕು



ಸ್ಟುಡಿಯೋದಲ್ಲಿ ಕ್ಯಾಮರಾವನ್ನು ಮುಖದ ಹತ್ತಿರಕ್ಕೆ ತಂದಾಗ ಕೆಲವರು ತುಟಿ ಬಿಚ್ಚದೆ ನಗುವುದನ್ನು ನಾನು ಗಮನಿಸಿದ್ದೇನೆ. ವಿಷಯ ಚೆನ್ನಾಗಿ ಬಲ್ಲವರು, ಮಾತೂ ಸೊಗಸು. ಆದರೆ ಹಲ್ಲು ಮಾತ್ರ ಕಾಣಬಾರದು! ವಿಚಾರಿಸಿದರೆ, "ಚಿಕ್ಕಂದಿನಲ್ಲೇ ಹುಳ ತಿಂದುಬಿಟ್ಟಿತು" ಎನ್ನುತ್ತಾರೆ.

ಹಲ್ಲಿನೊಳಗೆ ಹುಳ ಯಾವುದೂ ಇಲ್ಲ. ಅಲ್ಲಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲಿ ಬ್ರಿಟನ್ನಿನ ಕ್ಲಾರ್ಕ್ ಎಂಬವರು ಗುರುತಿಸಿದರು. ಬೆಳಗ್ಗೆ ಎದ್ದಾಗ ಹಲ್ಲು ನಾಲಿಗೆಗೆ ಅಂಟಂಟಾಗಿ ತಾಗುತ್ತದಲ್ಲ, ಆ ಪದರವೇ ಇವುಗಳ ಮನೆ. ನಾವು ತಿಂದ ಸಕ್ಕರೆಯಲ್ಲಿ ತಮ್ಮ ಪಾಲು ತಿಂದು ಅವು ಆಮ್ಲವನ್ನು ಹೊರಬಿಡುತ್ತವೆ. ನೀವು ರಸಾಯನಶಾಸ್ತ್ರದಲ್ಲಿ ಓದಿರುವ ಪಿಎಚ್ ಅಲ್ಲಿ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ.

ಅದನ್ನು ಸರಿಪಡಿಸುವುದು ನಮ್ಮ ಜೊಲ್ಲು. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ಆಮ್ಲದ ಬಲ ಕುಗ್ಗಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಸವೆದ ಜಾಗಕ್ಕೆ ಮತ್ತೆ ತುಂಬುತ್ತದೆ. ದಿನವಿಡೀ ಕರಗುವುದೂ ಕಟ್ಟುವುದೂ ನಡೆದೇ ಇರುತ್ತದೆ. ಕರಗುವುದರ ಕೈ ಮೇಲಾದಾಗ ಹುಳುಕು ಹುಟ್ಟುತ್ತದೆ.

ಇದನ್ನು ಮನಗಾಣಿಸಿದ ಪ್ರಯೋಗವೊಂದು ನಡೆದದ್ದು ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, 1945ರ ನಂತರದ ವರ್ಷಗಳಲ್ಲಿ. ಊಟದ ಜೊತೆಗೇ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟದ ನಡುನಡುವೆ ಹಲ್ಲಿಗಂಟುವ ಟಾಫಿ ತಿಂದವರಲ್ಲಿ ವಿಪರೀತವಾಗಿ ಹೆಚ್ಚಿತು. ಟಾಫಿ ನಿಲ್ಲಿಸಿದ ಮೇಲೆ ಹೊಸ ಹುಳುಕು ಕಡಿಮೆಯಾಯಿತು. ಆದರೆ ಆ ಟಾಫಿ ತಿಂದವರು ಯಾರು? ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಲಾಗಿದ್ದ ಅಸಹಾಯಕರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇಂದು ಅಂಥ ಪ್ರಯೋಗ ಊಹೆಗೂ ಸಲ್ಲದು. ವಿಜ್ಞಾನ ಓದುವ ನೀವು ಫಲಿತಾಂಶದ ಜೊತೆಗೆ ಆ ಹಲ್ಲುಗಳು ಯಾರವೆಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಮುಂದೆ ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಕೊಡುವ ರೂಢಿ ಬೆಳೆಯಿತು.

ಈಗ ನಿಮ್ಮ ಪರೀಕ್ಷೆಯ ದಿನಗಳನ್ನು ನೆನೆಸಿಕೊಳ್ಳಿ. ಪುಸ್ತಕದ ಪಕ್ಕದಲ್ಲಿ ಪೆಪ್ಪರಮಿಂಟು, ಗಳಿಗೆಗೊಂದು ಬಿಸ್ಕತ್ತು, ಗುಟುಕು ಗುಟುಕಾಗಿ ಸಿಹಿ ಚಹಾ. ಒಂದು ಆಮ್ಲದ ದಾಳಿ ಮುಗಿಯುವ ಮೊದಲೇ ಇನ್ನೊಂದು. ಜೊಲ್ಲಿಗೆ ಬಿಡುವೆಲ್ಲಿ? ಹಬ್ಬದೂಟದಲ್ಲಿ ನಾಲ್ಕು ಹೋಳಿಗೆ ಒಟ್ಟಿಗೇ ತಿಂದು ಎದ್ದವನ ಹಲ್ಲು ನಿಮ್ಮ ಹಲ್ಲಿಗಿಂತ ಸುರಕ್ಷಿತ. (ಅವನ ಹೊಟ್ಟೆಯ ಮಾತು ಬೇರೆ!)

ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ನಮ್ಮಲ್ಲಿ ಬಹುಮಂದಿ ಬಿಟ್ಟುಬಿಡುವ ರಾತ್ರಿಯ ಹಲ್ಲುಜ್ಜುವಿಕೆಯೇ ಹೆಚ್ಚು ಮುಖ್ಯ. ಮೆದುವಾದ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ಎರಡು ನಿಮಿಷ. ದವಡೆ ಹಲ್ಲುಗಳ ಹಿಂಬದಿಯನ್ನು ಮರೆಯಬೇಡಿ. ನೊರೆ ಉಗಿದ ಮೇಲೆ ನೀರಿನಿಂದ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿದು ಎನಾಮಲನ್ನು ಗಟ್ಟಿಗೊಳಿಸುತ್ತದೆ. ಇದ್ದಿಲು, ಇಟ್ಟಿಗೆಪುಡಿ ಎನಾಮಲನ್ನೇ ತೇಯುತ್ತವೆ; ಬೇಡ.

ಪಾವಗಡ, ಮುಳಬಾಗಿಲು ಕಡೆಯ ಓದುಗರು, "ಫ್ಲೋರೈಡಿನಿಂದಲೇ ನಮ್ಮ ಹಲ್ಲು ಕಂದಾಗಿರುವುದು" ಎಂದು ಆಕ್ಷೇಪಿಸಬಹುದು. ನಿಜ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಕೊಳವೆಬಾವಿಯ ನೀರು ಕುಡಿದರೆ ಆ ಕಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಪೇಸ್ಟನ್ನಾದರೋ ನಾವು ಉಗಿಯುತ್ತೇವೆ. ಪುಟ್ಟ ಮಕ್ಕಳು ನುಂಗುವುದುಂಟು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಹಾಕಿ, ಪಕ್ಕದಲ್ಲೇ ನಿಂತಿರಿ.

ಮನೆಯಲ್ಲಿ ಆರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಬಾಯಿ ತೆರೆಸಿ ನೋಡಿ. ಹಾಲುಹಲ್ಲುಗಳ ಹಿಂದೆ ಹೊಸದೊಂದು ದವಡೆ ಹಲ್ಲು ಇಣುಕುತ್ತಿರಬಹುದು. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿದು ಸುಮ್ಮನಾಗುತ್ತಾರೆ. ಅದು ಶಾಶ್ವತ ಹಲ್ಲು. ಬಿದ್ದರೆ ಮತ್ತೆ ಹುಟ್ಟುವುದಿಲ್ಲ. ಅದರ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಕಂಡರೆ ಆಗಲೇ ದಂತವೈದ್ಯರಿಗೆ ತೋರಿಸಿ. ಆ ಹಂತದಲ್ಲಿ ಹುಳುಕನ್ನು ತಡೆಯಬಹುದು. ತೂತು ಬಿದ್ದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳದು.