ಕೋಳಿಗೂಡಿನ ಘಾಟು, ಬೀಜದೊಳಗಿನ ಬರಹ



ಮಳೆ ಬಂದ ಮರುದಿನ ಕೋಳಿಗೂಡಿನ ಬಾಗಿಲು ತೆರೆದರೆ ಘಾಟು ಬಡಿದು ಕಣ್ಣಲ್ಲಿ ನೀರು ಬರುತ್ತದಲ್ಲವೇ? ಬರೀ ನಾತ ಅಂತ ಮೂಗು ಮುಚ್ಚಿಕೊಳ್ಳುತ್ತೇವೆ. ಆದರೆ ಅದು ನಿಮ್ಮ ಹೊಲಕ್ಕೆ ಸೇರಬೇಕಾದ ಸಾರಜನಕ. ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತಿದೆ. ಇದಕ್ಕೊಂದು ಕಥೆಯುಂಟು, ಕೇಳಿ.

ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಯಲ್ಲಿ ಮಳೆ ಬಲು ಅಪರೂಪ. ಅಲ್ಲಿಯ ಚಿಂಚಾ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಹಿಕ್ಕೆ ಗುಡ್ಡೆಗಟ್ಟಿತ್ತು. ಅದರ ಹೆಸರು ಗ್ವಾನೋ. 19ನೆಯ ಶತಮಾನದಲ್ಲಿ ಹಡಗುಗಟ್ಟಲೆ ಗ್ವಾನೋ ಯೂರೋಪಿನ ಹೊಲಗಳಿಗೆ ಗೊಬ್ಬರವಾಗಿ ಹೋಯಿತು. 1844ರಲ್ಲಿ ಜರ್ಮನಿಯ ಉಂಗರ್ ಎಂಬ ರಸಾಯನಶಾಸ್ತ್ರಜ್ಞರು ಆ ಗೊಬ್ಬರದಿಂದಲೇ ಒಂದು ವಸ್ತುವನ್ನು ಬೇರ್ಪಡಿಸಿದರು. ಗ್ವಾನೋದಲ್ಲಿ ಸಿಕ್ಕಿದ್ದರಿಂದ ಅದು ಗ್ವಾನೀನ್ ಆಯಿತು. ಅದರ ಒಂದು ಅಣುವಿನಲ್ಲಿ ಸಾರಜನಕದ 5 ಪರಮಾಣುಗಳಿವೆ. ತೂಕದಲ್ಲಿ ನೂರಕ್ಕೆ ಸುಮಾರು 46 ಪಾಲು ಸಾರಜನಕವೇ. ನಾವು ಕೊಳ್ಳುವ ಯೂರಿಯಾದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ!

ಹಿಕ್ಕೆಯಲ್ಲಿ ಸಿಕ್ಕ ವಸ್ತು ಅಂತ ಹೀಗಳೆಯಬೇಡಿ. ನಿಮ್ಮ ರಾಗಿ ಕಾಳಿನಲ್ಲೂ, ಎತ್ತಿನ ಮೈಯಲ್ಲೂ, ನಮ್ಮ ನಿಮ್ಮ ಮೈಯಲ್ಲೂ ಇದೇ ಗ್ವಾನೀನ್ ಇದೆ. ಜೀವಕೋಶದೊಳಗೆ ಡಿ.ಎನ್.ಎ. ಎಂಬ ಜೋಡಿ ಎಳೆಯುಂಟು. ವಂಶದ ಗುಣವನ್ನೆಲ್ಲ ಬರೆದಿಟ್ಟ ಬರಹ ಅದು. ಅಕ್ಷರಗಳು ನಾಲ್ಕೇ: ಅಡೆನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್. ಒಂದೇ ನೊಗದ ಜೋಡೆತ್ತಿನ ಹಾಗೆ ಗ್ವಾನೀನು ಸೈಟೊಸೀನಿನ ಜೊತೆಗೇ ಮೂರು ಬಂಧಗಳಿಂದ ಕೂಡಿರುತ್ತದೆ. ಕೋಶ ಎರಡಾಗುವ ಮೊದಲು ಎಳೆಗಳು ಬಿಚ್ಚಿಕೊಂಡು, ಪ್ರತಿ ಅಕ್ಷರಕ್ಕೂ ಅದರ ಜೊತೆಗಾರನೇ ಬಂದು ಸೇರುತ್ತದೆ. ಬರಹ ಹಾಗೆಯೇ ನಕಲಾಗುತ್ತದೆ. ರಾಗಿ ಬಿತ್ತಿದರೆ ರಾಗಿಯೇ ಬರುವುದು ಇದರಿಂದ.

ಪೈರು ಒಂದು ಹೊಸ ಎಲೆ ಬಿಡಬೇಕಾದರೂ ಈ ಅಕ್ಷರಗಳನ್ನು ಹೊಸದಾಗಿ ಮಾಡಿಕೊಳ್ಳಬೇಕು. ಸಾರಜನಕವಿಲ್ಲದೆ ಅದು ಆಗದು. ಸಾಲದೆ ಬಂದಾಗ ಪೈರು ಹಳೆಯ ಎಲೆಯಲ್ಲಿದ್ದುದನ್ನು ತೆಗೆದು ಎಳೆಯ ಎಲೆಗೆ ಕೊಡುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಅದಕ್ಕೇ.

ಹಾಗಾದರೆ ಏನು ಮಾಡಬೇಕು ಅಂತೀರಾ? ಕೋಳಿಯ ಹಿಕ್ಕೆಯಲ್ಲಿ ಸಾರಜನಕ ಬಹುಪಾಲು ಇರುವುದು ಗ್ವಾನೀನಿನ ದಾಯಾದಿಯಾದ ಯೂರಿಕ್ ಆಮ್ಲದಲ್ಲಿ. ಒಣಗಿದ್ದರೆ ಉಳಿಯುತ್ತದೆ, ನೆನೆದರೆ ಹಾರುತ್ತದೆ. ಪೆರುವಿನಲ್ಲಿ ಅದನ್ನು ಕಾಪಾಡಿದ್ದು ಮಳೆಯಿಲ್ಲದ ಆಕಾಶ. ನಮ್ಮಲ್ಲಿ ನಾವೇ ಕಾಪಾಡಬೇಕು. ಗೂಡಿನ ನೆಲಕ್ಕೆ ಹೊಟ್ಟು ಹರಡಿ. ಬಳಿದ ಹಿಕ್ಕೆಯನ್ನು ಸೂರಿನಡಿ ಒಣಗಿಸಿಡಿ. ಗುಂಡಿಗೆ ಹಾಕುವಾಗ ತರಗು, ಹುಲ್ಲು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ ಕೊಳೆಸಿ. ಹಸಿ ಹಿಕ್ಕೆಯನ್ನು ಸಸಿಯ ಬುಡಕ್ಕೆ ಸುರಿಯಬೇಡಿ, ಬೇರು ಸುಟ್ಟೀತು. ಕೊಳೆತ ಗೊಬ್ಬರವನ್ನು ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿ.

ಇನ್ನು ಮುಂದೆ ಗೂಡಿನಲ್ಲಿ ಘಾಟು ಬಂದರೆ ಮೂಗು ಮುಚ್ಚಿಕೊಳ್ಳುವ ಮೊದಲು ಒಂದು ಬುಟ್ಟಿ ಒಣ ಹೊಟ್ಟು ತನ್ನಿ.